ಗೋಪಾಳದ ದೋಣಿ, ಭದ್ರಾವತಿಯ ಬೀಗರು

"ಬ್ರೋಕರಂತೆ ಬ್ರೋಕರು! ನನ್ನ ದೋಣಿ ಮಾರೋಕೆ ನನ್ನ ಬಾಯೇ ಸಾಕು ಕಣೇ!" ಎಂದು ಶಶಿಧರ ಕಾಫಿ ಲೋಟವನ್ನು ಟೀಪಾಯಿಗೆ ಕುಟ್ಟಿ ಘೋಷಿಸಿದಾಗ ಪುಷ್ಪಾ ತಲೆಯೆತ್ತಿಯೂ ನೋಡಲಿಲ್ಲ. ಆ ಬಾಯಿಯ ಪ್ರತಾಪ ಮದುವೆಯಾದ ದಿನದಿಂದ ಅವಳಿಗೆ ಗೊತ್ತು.

"ಹೆಂಗಾದ್ರೂ ಮಾರಿ. ಭಾನುವಾರ ಸ್ಫೂರ್ತಿ ನಿಶ್ಚಿತಾರ್ಥ. ಅಷ್ಟರೊಳಗೆ ಅಂಗಳ ಖಾಲಿ ಆಗ್ಲಿಲ್ಲ ಅಂದ್ರೆ ಶಾಮಿಯಾನ ಹಾಕೋಕೆ ಜಾಗ ಇಲ್ಲ. ಪುರೋಹಿತರನ್ನ ದೋಣಿಯಲ್ಲೇ ಕೂರಿಸ್ಬೇಕಾಗುತ್ತೆ!"

ಗೋಪಾಳದ ಆ ಮನೆಯಂಗಳಕ್ಕೆ ದೋಣಿ ಬಂದ ಕಥೆ ಚಿಕ್ಕದು. ದುರ್ಗಿಗುಡಿಯಲ್ಲಿ ಪುಸ್ತಕ, ಪೆನ್ನಿನ ಅಂಗಡಿ ಇಟ್ಟಿರುವ ಶಶಿಧರನಿಗೆ ತುಂಗೆಯ ಮೇಲೆ ವಿಹರಿಸುವ ರಾಜಯೋಗ ತನ್ನ ಜಾತಕದಲ್ಲಿದೆ ಎಂದು ಒಮ್ಮೆ ಅನ್ನಿಸಿಬಿಟ್ಟಿತು. ಬಾಗಿಲು ಹಾಕುತ್ತಿದ್ದ ಯಾವುದೋ ಲಾಡ್ಜಿನಿಂದ ನೀಲಿ ಬಣ್ಣದ ಫೈಬರ್ ದೋಣಿ ಕೊಂಡು ತಂದ. ಒಂದೇ ಒಂದು ಸಲ ನೀರಿಗಿಳಿಸಿದ. ದೋಣಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ತಿರುಗಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೆಲಸ ನಿಲ್ಲಿಸಿ ನಕ್ಕರು. ಅಂದಿನಿಂದ ಪುಷ್ಪಾ ಅದರಲ್ಲಿ ಸಂಡಿಗೆ ಒಣಗಿಸುತ್ತಾಳೆ.

'ತುಂಗೆಯ ಅಲೆಗಳನ್ನು ಸೀಳಿದ ವೀರ ದೋಣಿ ಮಾರಾಟಕ್ಕಿದೆ!' ಎಂದು ಫೋನಿನಲ್ಲಿ ಫೋಟೋ ಸಮೇತ ಜಾಹೀರಾತು ಹಾಕಿದ್ದೇ ತಡ, ಭದ್ರಾವತಿಯಿಂದ ಒಬ್ಬರು ಕರೆ ಮಾಡಿದರು.

"ಒಳಗೆ ಬೆಳ್ಳಗೆ ಏನೋ ಕಾಣುತ್ತಲ್ಲ ಸ್ವಾಮಿ, ಬಿರುಕಾ?"

"ಬಿರುಕಲ್ಲ ರೀ, ಸಂಡಿಗೆ! ದೋಣಿ ಆನೆ ಇದ್ದ ಹಾಗಿದೆ!"

"ಆನೆ ನನಗ್ಯಾಕೆ? ಸಂಡಿಗೆ ಒಣಗಿಸೋ ದೋಣಿಗೆ ಇಷ್ಟು ರೇಟಾ? ಅರ್ಧಕ್ಕೆ ಕೊಡಿ."

ಅರ್ಧ! ವೀರ ದೋಣಿಗೆ ಅರ್ಧ! ಶಶಿಧರನ ಪಿತ್ತ ನೆತ್ತಿಗೇರಿತು. "ದೋಣಿ ಬೆಲೆ ಗೊತ್ತಿಲ್ದೋರಿಗೆ ನಾನು ಮಾರಲ್ಲ! ಒಂದು ಬಾಂಡ್ಲಿ ತಗೊಂಡು ಅದ್ರಲ್ಲಿ ಕೂತ್ಕೊಂಡು ಹೋಗಿ!"

"ನಿಮ್ಮ ದೋಣಿ ನೀವೇ ತಲೆ ಮೇಲೆ ಹೊತ್ಕೊಂಡು ಕುಣೀರಿ!"

ಮರುದಿನ ಹುಡುಗನ ಅಪ್ಪ ಅಮ್ಮ ನಿಶ್ಚಿತಾರ್ಥದ ಮಾತಿಗೆಂದು ಭದ್ರಾವತಿಯಿಂದ ಬಂದರು. ಅಲ್ಲಿಯವರೆಗೆ ಸಂಬಂಧದ ಮಾತೆಲ್ಲ ಪುಷ್ಪಾ ಮತ್ತು ಹುಡುಗನ ತಾಯಿ ಸಾವಿತ್ರಮ್ಮನ ನಡುವೆಯೇ ನಡೆದಿತ್ತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹುಡುಗನ ತಂದೆ ಗಂಗಾಧರಪ್ಪ ಗೇಟು ದಾಟಿದವರೇ ದೋಣಿಯ ಮುಂದೆ ನಿಂತುಬಿಟ್ಟರು. ನೀಲಿ ಬಣ್ಣ. ಒಳಗೆ ಸಂಡಿಗೆ.

"ಬನ್ನಿ ಬೀಗರೇ, ಬನ್ನಿ!" ಎಂದ ಶಶಿಧರ.

ಗಂಗಾಧರಪ್ಪ ನಿಧಾನವಾಗಿ ತಿರುಗಿದರು. "ಈ ಗಂಟಲು ಎಲ್ಲೋ ಕೇಳಿದೀನಲ್ಲ... ಬಾಂಡ್ಲಿಯಲ್ಲಿ ಕೂತ್ಕೊಂಡು ಹೋಗೋಕೆ ಹೇಳಿದ್ದು ತಾವೇನಾ?"

ಶಶಿಧರನ ಕಾಲಡಿಯ ನೆಲ ಕುಸಿಯಿತು! ಕಿಟಕಿಯಲ್ಲಿ ಮಗಳು ಸ್ಫೂರ್ತಿಯ ಮುಖ ಕಂಡಿತು.

"ಅಯ್ಯೋ, ಮಾರೋ ಮಾತೆಲ್ಲಿ ಬಂತು! ಬೀಗರ ಹತ್ರ ದುಡ್ಡು ತಗೊಳ್ತೀನಾ? ದೋಣಿ ನಿಮ್ಮದೇ! ಇವತ್ತೇ ನಿಮ್ಮ ಮನೆಗೆ ಬರುತ್ತೆ!"

ರಿಟೈರಾದ ಮೇಲೆ ದೋಣಿ ನಡೆಸುವ ಕನಸು ಕಾಣುತ್ತಿದ್ದ ಗಂಗಾಧರಪ್ಪನವರ ಮುಖ ಊರಗಲವಾಯಿತು. ಸಾವಿತ್ರಮ್ಮನ ಮುಖ ಮಾತ್ರ ಹರಳೆಣ್ಣೆ ಕುಡಿದಂತಾಯಿತು. ಪುಷ್ಪಾ ಅದನ್ನು ಗಮನಿಸಿದಳು.

ಸಂಜೆ ದೋಣಿಯನ್ನು ಗೂಡ್ಸ್ ಆಟೋಗೆ ಏರಿಸುವಾಗ ಶಶಿಧರನಿಗೆ ಉತ್ಸಾಹ ಉಕ್ಕಿತು. "ಬೀಗರಿಗೆ ಖಾಲಿ ಕೊಡೋದು ಚೆನ್ನಾಗಿರುತ್ತೇನೇ? ಚಕ್ಕುಲಿ ಡಬ್ಬ ತಗೊಂಡ್ಬಾ! ಕೊಬ್ಬರಿ ಮಿಠಾಯಿನೂ ತಗೊಂಡ್ಬಾ!"

"ಖಾಲೀನೇ ಕಳ್ಸಿ ಮಾರಾಯ್ರೇ, ನನ್ನ ಮಾತು ಕೇಳಿ."

"ನಿಂಗೆ ಶಾಸ್ತ್ರ, ಸಂಪ್ರದಾಯ ಏನೂ ಗೊತ್ತಿಲ್ಲ!"

ಚಕ್ಕುಲಿ, ಮಿಠಾಯಿ, ಎಲೆ ಅಡಿಕೆ, ಮೇಲೊಂದು ಸೇವಂತಿಗೆ ಹಾರ. ದೋಣಿ ಮದುಮಗಳಂತೆ ಸಿಂಗರಿಸಿಕೊಂಡು ಹೊರಟಿತು. ಬಯಲಾದ ಅಂಗಳದಲ್ಲಿ ಶಶಿಧರ ಸೊಂಟದ ಮೇಲೆ ಕೈಯಿಟ್ಟು ನಿಂತ. ಮಾರಲಿಲ್ಲ, ನಿಜ. ಆದರೆ ಸಾಗಹಾಕಿದನಲ್ಲ! ಆ ರಾತ್ರಿ ಅವನಿಗೆ ಬಂದಂಥ ನಿದ್ದೆ ಯಾವ ಚಕ್ರವರ್ತಿಗೂ ಬಂದಿರಲಾರದು.

ಶನಿವಾರ ಬೆಳಗ್ಗೆ ಶಾಮಿಯಾನದವರು ಕಂಬ ಇಳಿಸುತ್ತಿದ್ದರು. ಅವರ ಹಿಂದೆಯೇ ಅದೇ ಗೂಡ್ಸ್ ಆಟೋ ಬಂದು ನಿಂತಿತು. ಅದರ ಮೇಲೆ ನೀಲಿ ದೋಣಿ! ಅದರ ತುಂಬ ತೆಂಗಿನಕಾಯಿ, ಎರಡು ಬಾಳೆಗೊನೆ, ಬೂದುಗುಂಬಳ, ಒಂದು ದೊಡ್ಡ ಡಬ್ಬ ಕರ್ಜಿಕಾಯಿ.

ಪುಷ್ಪಾಳ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಸಾವಿತ್ರಮ್ಮನ ದನಿ ಜೇನಿನಂತೆ ಹರಿಯಿತು. "ಚಕ್ಕುಲಿ ಬಹಳ ಚೆನ್ನಾಗಿತ್ತು ಕಣ್ರೀ ಬೀಗಿತ್ತಿ. ತಿಂಡಿ ಬಂದ ಪಾತ್ರೆನ ಖಾಲಿ ವಾಪಸ್ ಕಳಿಸಬಾರದಲ್ವಾ? ಅದಕ್ಕೇ ನಮ್ಮನೆಯವರು ಸ್ನಾನಕ್ಕೆ ಹೋದಾಗ ತುಂಬಿಸಿ ಕಳಿಸಿದೀನಿ."

ಪಾತ್ರೆ! ಅಲೆಗಳನ್ನು ಸೀಳಿದ ವೀರ ದೋಣಿ ಪಾತ್ರೆಯಾಗಿತ್ತು! ಶಶಿಧರ ತೆಂಗಿನಕಾಯಿಯೊಂದನ್ನು ಎತ್ತಿ ಹಿಡಿದು ಮೆಲ್ಲಗೆ ಕೇಳಿದ: "ಮತ್ತೆ ಅವರಿಗೇ ಕಳಿಸಿಬಿಡೋಣ್ವೇನೇ? ಈ ಸಲ ಖಾಲಿ..."

"ಖಾಲಿ ಹೆಂಗೆ ಕಳ್ಸೋದು ರೀ? ಶಾಸ್ತ್ರ ಬೇಡ್ವಾ?" ಎಂದಳು ಪುಷ್ಪಾ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಈ ಸಲ ಅದ್ರಲ್ಲಿ ನಿಮ್ಮನ್ನೇ ಕೂರಿಸಿ ಕಳಿಸ್ತೀನಿ. ಪಾತ್ರೆ ಬೇಕಾದ್ರೆ ವಾಪಸ್ ಬರಲಿ, ಒಳಗಿರೋದನ್ನ ಮಾತ್ರ ಅವರೇ ಇಟ್ಕೊಳ್ಳಲಿ!"