ಬರ್ತೀನಿ ಅಂದುಬಿಟ್ಟೆ

ನಮ್ಮ ಕಡೆ ಯಾರೂ ಎಲ್ಲಿಂದಲೂ ‘ಹೋಗುವುದಿಲ್ಲ’. ಕಾಫಿ ಕುಡಿದು, ಎದ್ದು, ಚಪ್ಪಲಿ ಮೆಟ್ಟಿ, ಗೇಟು ದಾಟುವವರೂ ‘ಬರ್ತೀನಿ’ ಅಂತಲೇ ಅನ್ನಬೇಕು. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ‘ಹೋಗ್ತೀನಿ ಸಾರ್’ ಅಂದ ಮಕ್ಕಳನ್ನು ಬಾಗಿಲಿಂದ ವಾಪಸ್ ಕರೆಸಿ, ‘ಬರ್ತೀನಿ’ ಅನ್ನಿಸಿಯೇ ಕಳಿಸುವ ಜಾತಿಯವನು. ಆದರೆ ಈ ಮಾತಿಗೊಂದು ಕಟ್ಟಳೆಯಿದೆ. ಸಾವಿನ ಮನೆಯಿಂದ ಹೊರಡುವಾಗ ಹೇಳಕೂಡದು. ಬಾಯಿ ಮುಚ್ಚಿಕೊಂಡು, ಹಿಂದೆ ತಿರುಗಿ ನೋಡದೆ ಬಂದುಬಿಡಬೇಕು. ಊರಿಗೆಲ್ಲ ಪಾಠ ಹೇಳುವ ನಾನು ಈ ಕಟ್ಟಳೆಯನ್ನು ಒಂದು ಸಲ ಮುರಿದಿದ್ದೆ. ಹುಲಿಯೂರುದುರ್ಗದಲ್ಲಿ ನನ್ನ ಹೆಂಡತಿ ಕಮಲಳ ಸೋದರಮಾವ ತೀರಿಕೊಂಡಾಗ, ಮಾತಾಡಿಸಿಕೊಂಡು ಹೊರಡುತ್ತಾ ಅಭ್ಯಾಸಬಲದಿಂದ ‘ಬರ್ತೀನಿ ಅತ್ತೆ’ ಅಂದುಬಿಟ್ಟೆ. ತಿಂಗಳು ತುಂಬುವುದರೊಳಗೆ ಆ ಅತ್ತೆಯೂ ಹೋದರು. ನಾವು ಮತ್ತೆ ಹೋದಾಗ ಜಗಲಿಯಲ್ಲಿದ್ದ ಮುದುಕರೊಬ್ಬರು, ‘ಮೇಷ್ಟ್ರು ಹೇಳ್ದಂಗೇ ಬಂದವ್ರೆ ನೋಡು’ ಅಂದರು. ಅವತ್ತಿನಿಂದ ನನ್ನ ನಾಲಿಗೆಯ ಮೇಲೆ ಕಮಲಳಿಗೆ ಭಯಂಕರ ನಂಬಿಕೆ.

ಹೀಗಿರುವಾಗ ನನ್ನ ಹೃದಯದ ಒಂದು ವಾಲ್ವ್ ಕೆಟ್ಟಿದೆ ಅಂತ ಗೊತ್ತಾಯಿತು. ‘ಸ್ವಲ್ಪ ಹೊತ್ತು ಹೃದಯ ನಿಲ್ಲಿಸಿ, ವಾಲ್ವ್ ಹಾಕಿ, ಮತ್ತೆ ಚಾಲೂ ಮಾಡ್ತೀವಿ ಸಾರ್, ಅಷ್ಟೇ’ ಅಂದರು ಡಾಕ್ಟರು, ಪಂಪ್‌ಸೆಟ್ ರಿಪೇರಿ ಮಾಡುವವರ ಹಾಗೆ. ಅಷ್ಟೇ ಅನ್ನುವುದು ಅವರಿಗೆ. ಕಮಲ ಆ ಸಂಜೆಯಿಂದಲೇ ಸುತ್ತಮುತ್ತಲ ದೇವರುಗಳಿಗೆಲ್ಲ ಹರಕೆ ಹೊರಲು ಶುರುಮಾಡಿದಳು. ಸಾಲದ್ದಕ್ಕೆ ನಮ್ಮ ಸ್ಕೂಲಿನ ಲಿಲ್ಲಿ ಟೀಚರ್, ‘ನಮ್ಮೂರಿನ ಇಗರ್ಜಿ ಬಹಳ ಹಳೇದು ಕಮಲಕ್ಕಾ, ಅಲ್ಲಿ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬನ್ನಿ’ ಅಂದರು. ಇಗರ್ಜಿ ಅಂದರೆ ಅವರ ಕಡೆ ಚರ್ಚು. ಟೀಚರ್ ಊರಿರುವುದು ಕರಾವಳಿಯಲ್ಲಿ. ‘ಅಷ್ಟು ದೂರ ಯಾಕೆ ಕಣೇ? ನಮ್ಮ ತುಮಕೂರಲ್ಲಿ ಚರ್ಚಿಲ್ವಾ?’ ಅಂದೆ. ‘ಸುಮ್ನಿರ್ರೀ. ಯಾವ ದೇವರ ಕೈಲಿ ಏನಿದೆಯೋ’ ಅಂದಳು. ದನಿ ನಡುಗುತ್ತಿತ್ತು. ಅದಕ್ಕೇ ಹೊರಟೆ.

ಮುಟ್ಟಿದಾಗ ಮಟಮಟ ಮಧ್ಯಾಹ್ನ. ಊರು ಅಂದರೆ ಹಂಚಿನ ಮನೆಗಳ ಒಂದೇ ಬೀದಿ, ಅದರ ತುದಿಗೆ ಇಗರ್ಜಿ, ಅದರಾಚೆ ಸಮುದ್ರ. ಒಂದು ನರಪಿಳ್ಳೆ ಇಲ್ಲ. ಇಗರ್ಜಿಯ ಬಾಗಿಲು ಮಾತ್ರ ಹಾರುಹೊಡೆದಿತ್ತು. ನಾವು ದೇವಸ್ಥಾನದ ರೂಢಿಯಂತೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಹೊರಗೆ ಬೆಂಕಿಯಂಥ ಬಿಸಿಲು, ಒಳಗಿನ ನೆಲ ಐಸಿನ ಹಾಗೆ. ಅಲೆಯ ಸದ್ದು ಗೋಡೆಗಳ ಒಳಗಿಂದ ಬರುತ್ತಿತ್ತು. ಯಾರೋ ದೊಡ್ಡವರು ಮಲಗಿ ಉಸಿರಾಡುತ್ತಿದ್ದಾರೆ, ನಾವು ಎಬ್ಬಿಸಬಾರದು ಅನ್ನುವ ಹಾಗೆ. ನಡುವೆ ನನ್ನ ಅಂಗಾಲಿಗೆ ಏನೋ ತರಿತರಿಯಾಗಿ ತಗುಲಿತು. ಬಗ್ಗಿ ನೋಡಿದರೆ ಕಲ್ಲಲ್ಲಿ ಕೊರೆದ ಹೆಸರು, ಸತ್ತ ಇಸವಿ, ಮೇಲೊಂದು ಶಿಲುಬೆ. ‘ರೀ, ಕೆಳಗೆ ಯಾರೋ ಇದಾರೆ!’ ಅಂತ ಕಮಲ ಪಿಸುಗುಟ್ಟಿದಳು. ನಾನು ಪಕ್ಕದ ಕಲ್ಲಿಗೆ ಹಾರಿದೆ. ಅಲ್ಲೂ ಯಾರೋ ಇದ್ದರು.

ಹೇಗೋ ಬತ್ತಿ ಹಚ್ಚಿದ್ದಾಯಿತು. ಗಾಳಿಯೇ ಇಲ್ಲದಿದ್ದರೂ ಎರಡು ಸಲ ಆರಿತು. ಮೂರನೇ ಸಲ ಉರಿದು ನಿಂತಿತು. ಅಷ್ಟಕ್ಕೇ ವಾಪಸ್ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ‘ಇಷ್ಟು ದೂರ ಬಂದು ಪ್ರದಕ್ಷಿಣೆ ಹಾಕ್ದೆ ಹೋಗೋದಾ?’ ಅಂದಳು ಕಮಲ. ಇಗರ್ಜಿಗೆ ಪ್ರದಕ್ಷಿಣೆ ಹಾಕಿದ ಮೊದಲ ದಂಪತಿ ಬಹುಶಃ ನಾವೇ. ಕೈ ಮುಗಿದುಕೊಂಡು ಹಿಂಭಾಗಕ್ಕೆ ತಿರುಗಿದೆವು, ನೋಡಿದರೆ ಸಾಲು ಸಾಲು ಸಮಾಧಿ. ಅವುಗಳ ನಡುವೆ, ನೆಲದ ಮಟ್ಟದಲ್ಲಿ, ಒಂದು ತಲೆ.

ನನ್ನ ವಾಲ್ವ್ ಅಲ್ಲೇ ಕೈಕೊಡಬೇಕಿತ್ತು. ತಲೆಗೆ ಬಿಳಿ ಮುಂಡಾಸಿತ್ತು. ಅದು ನಿಧಾನಕ್ಕೆ ನಮ್ಮ ಕಡೆ ತಿರುಗಿ, ‘ಎಲ್ಲಿಂದ ಬಂದದ್ದು?’ ಅಂತ ಕೇಳಿತು. ಹತ್ತಿರ ಹೋದರೆ ಗುಂಡಿಯೊಳಗೆ ಒಬ್ಬ ಮುದುಕಪ್ಪ, ಕೈಯಲ್ಲಿ ಹಾರೆ.

‘ತುಮಕೂರು’ ಅಂದೆ.

‘ದೂರ ಆಯ್ತು ಮಾರಾಯ್ರೆ.’

ಏನಾದರೂ ಮಾತಾಡಬೇಕಲ್ಲ ಅಂತ, ‘ಯಾರು ತೀರ್ಕೊಂಡಿದ್ದು?’ ಅಂದೆ.

‘ಯಾರೂ ಇಲ್ಲ. ಮಳೆ ಹಿಡಿದರೆ ಅಗೆಯಲಿಕ್ಕೆ ಆಗುವುದಿಲ್ಲ. ಹಾಗಾಗಿ ಮೊದಲೇ ಒಂದು ತೆಗೆದಿಡುವುದು. ಯಾರಿಗೆ ಅಂತ ಈಗ ಹೇಳುವುದು ಹೇಗೆ?’ ಅಂದವರು ನನ್ನನ್ನು ಪಾದದಿಂದ ತಲೆಯವರೆಗೆ ಒಮ್ಮೆ ನೋಡಿದರು. ಗುಂಡಿಯ ಉದ್ದವನ್ನೂ ನೋಡಿದರು.

ಅಲ್ಲಿಂದ ಕಾಲು ಕೀಳಬೇಕೆಂಬ ಆತುರದಲ್ಲಿ, ಇಷ್ಟು ವರ್ಷ ಮಕ್ಕಳಿಗೆ ತಿದ್ದಿ ತೀಡಿದ ಮಾತೇ ಬಾಯಿಗೆ ಬಂತು. ‘ಸರಿ ಯಜಮಾನ್ರೆ, ಬರ್ತೀನಿ.’

‘ಬನ್ನಿ, ಬನ್ನಿ’ ಅಂದರು ಮುದುಕಪ್ಪ, ಬಹಳ ಪ್ರೀತಿಯಿಂದ. ‘ಜಾಗ ಉಂಟು.’

ಕಮಲಳ ಮುಖ ಬಿಳಿಚಿಕೊಂಡಿತು. ಮೂಲೆ ತಿರುಗಿದ್ದೇ ತಡ, ನನ್ನ ತೋಳು ಹಿಡಿದು ನಿಲ್ಲಿಸಿದಳು. ‘ಏನ್ರೀ ಅಂದ್ರಿ? ಎಲ್ಲಿ ನಿಂತ್ಕೊಂಡು ಅಂದ್ರಿ? ಮುಂದಿನ ವಾರ ಆಪರೇಷನ್ ಇಟ್ಕೊಂಡು! ಹೋಗಿ ಆ ಮಾತು ವಾಪಸ್ ತಗೊಂಬನ್ನಿ. ಇಲ್ಲಾಂದ್ರೆ ನಾನು ಇಲ್ಲಿಂದ ಕದಲಲ್ಲ.’ ನಗೋಣ ಅಂತ ನೋಡಿದೆ, ಅವಳ ಕಣ್ಣಲ್ಲಿ ನೀರಿತ್ತು.

ಒಬ್ಬನೇ ಹೋದೆ. ಗುಂಡಿಯಲ್ಲಿ ಯಾರೂ ಇಲ್ಲ. ಹಾರೆ ಮಾತ್ರ ಅಡ್ಡ ಮಲಗಿತ್ತು. ಅಲೆಯ ಸದ್ದೂ ಒಂದು ಕ್ಷಣ ನಿಂತ ಹಾಗಾಯಿತು. ಯಾರಿಗೆ ಅಂತ ಹೇಳುವುದು? ಗುಂಡಿಗೇ ಬಗ್ಗಿ, ಮೆಲ್ಲಗೆ, ‘ನೋಡಿ, ನಾನು ಬರ...’ ಅನ್ನುವಷ್ಟರಲ್ಲಿ ಬೆನ್ನ ಹಿಂದೆಯೇ, ‘ಏನು, ಆಗಲೇ ಬಂದ್ರಾ?’ ಅಂತ ದನಿ. ಮುದುಕಪ್ಪ ನೀರಿನ ಚೊಂಬು ಹಿಡಿದು ನಿಂತಿದ್ದರು. ನನ್ನ ಜೀವ ಬಾಯಿಗೆ ಬಂತು. ಜೀವದ ಜೊತೆ ಮಾತೂ ಬಂತು. ‘ಇಲ್ಲ ಇಲ್ಲ, ಬರ್ತೀನಿ, ಬರ್ತೀನಿ!’ ಅಂದವನೇ ಬರಿಗಾಲಲ್ಲಿ ಓಡಿದೆ.

‘ತಗೊಂಡ್ರಾ ವಾಪಸ್ಸು?’ ಅಂದಳು ಕಮಲ.

‘ಓ, ತಗೊಂಡೆ’ ಅಂದೆ.

ಆಪರೇಷನ್ ದಿನ ನನ್ನನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಹೋದರು. ಥಿಯೇಟರ್ ಬಾಗಿಲವರೆಗೂ ಕಮಲ ನನ್ನ ಕೈ ಬಿಡಲಿಲ್ಲ. ಏನಾದರೂ ಹೇಳಿ ಹೋಗಬೇಕು. ಇರುವುದು ಒಂದೇ ಮಾತು, ಅದನ್ನೋ ಬೇರೆ ಕಡೆ ಕೊಟ್ಟು ಬಂದಿದ್ದೇನೆ. ನಿಜಕ್ಕೂ ಹೆದರಿದ್ದೆ ಕಣ್ರೀ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

‘ಹೇಳ್ರೀ’ ಅಂದಳು.

‘ಬರ್ತೀನಿ ಕಣೇ’ ಅಂದೆ.

ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಸ್ವಲ್ಪ ಸರಿದಳು. ಖಾಲಿಯಾದ ಕಡೆ ಕೈಯಿಟ್ಟು, ‘ಬನ್ನಿ. ಇಲ್ಲೂ ಜಾಗ ಇದೆ’ ಅಂದಳು.

ಬಂದೆ. ಬಂದಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಆದರೆ ಆ ಮುದುಕಪ್ಪನಿಗೆ ಮೂರು ಸಲ ಹೇಳಿದ್ದೇನೆ, ಇವಳಿಗೆ ಒಂದೇ ಸಲ ಅನ್ನುವುದು ಒಳಗೇ ಕೊರೆಯುತ್ತಿತ್ತು. ಅದಕ್ಕೇ ಈಗ ಮೂಲೆಯಂಗಡಿಗೆ ಹಾಲು ತರಲು ಹೋಗುವಾಗಲೂ ಬಾಗಿಲಲ್ಲಿ ನಿಂತು, ‘ಬರ್ತೀನಿ, ಬರ್ತೀನಿ, ಬರ್ತೀನಿ, ಬರ್ತೀನಿ’ ಅನ್ನುತ್ತೇನೆ. ‘ಒಂದ್ಸಲ ಹೇಳಿದ್ರೆ ಸಾಕು ರೀ, ನಾನೇನು ಕಿವುಡೀನಾ?’ ಅಂತ ಒಳಗಿಂದ ರೇಗುತ್ತಾಳೆ. ಯಾಕೆ ಅಂತ ಅವಳಿಗಿನ್ನೂ ಹೇಳಿಲ್ಲ.