ಏಳನೇ ಅಧ್ಯಾಯಕ್ಕೆ ಕನ್ನಡಕದಂಗಡಿಯಿಂದ

ಮಾನ್ಯ ಏಳನೇ ಅಧ್ಯಾಯದವರೇ,

ಆಟಿಸಂ ಇರುವ ಯುವಜನರಿಗೆ ನಾಲ್ಕು ಜನರ ನಡುವಿನ ನಡೆನುಡಿ ಕಲಿಸುವ ಉಪಕಾರಿ ಪುಸ್ತಕದಲ್ಲಿ, ಆರಕ್ಕೂ ಎಂಟಕ್ಕೂ ನಡುವೆ ಸುಖವಾಗಿ ಪವಡಿಸಿರುವ ತಮಗೆ ಕನ್ನಡಕದಂಗಡಿ ನಡೆಸುವ ಈ ಹೆಂಗಸಿನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ನೆರೆಹೊರೆಯ ಅಧ್ಯಾಯಗಳ ಮೇಲೆ ನನಗೆ ತಕರಾರಿಲ್ಲ; ಮೂರನೆಯದನ್ನು ಓದಿದ ಮೇಲೆಯೇ ನನ್ನ ಅಣ್ಣನ ಮಗಳು ಹೆದರದೆ ಫೋನ್ ಎತ್ತುವುದನ್ನು, ಗದ್ದಲ ಹೆಚ್ಚಾದರೆ ಹೇಳಿ ಹೊರಗೆ ಹೋಗುವುದನ್ನು ಕಲಿತಳು. ನನ್ನ ದೂರೆಲ್ಲ ತಮ್ಮೊಬ್ಬರ ಮೇಲೆ.

ತಾವು ಬರುವ ಮೊದಲು ಅವಳು ಕೌಂಟರಿನಲ್ಲಿ ನಿಂತು, ಈ ಫ್ರೇಮಿನಲ್ಲಿ ನಿಮ್ಮ ಮೂಗು ಇನ್ನೂ ದಪ್ಪ ಕಾಣುತ್ತದೆ, ಕೆಳಗಿಡಿ ಎಂದು ಗಿರಾಕಿಗಳಿಗೆ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು. ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ನಮ್ಮ ಗಿರಾಕಿಗಳು ಎದ್ದು ಹೋಗಿ ತಮ್ಮ ಅತ್ತಿಗೆ ನಾದಿನಿಯರನ್ನೂ ಕರೆತರುತ್ತಿದ್ದರು. ಒಬ್ಬ ವಕೀಲರು ಮೂರು ಫ್ರೇಮುಗಳು ತಿರಸ್ಕೃತವಾದ ಮೇಲೆ ನಾಲ್ಕನೆಯದನ್ನು ಹಾಕಿಕೊಂಡು, ತೀರ್ಪಿಗಾಗಿ ಕೈಕಟ್ಟಿ ನಿಂತಿದ್ದು ಈಗಲೂ ನೆನಪಿದೆ.

ಆಗ ತಾವು ದಯಮಾಡಿಸಿದಿರಿ. ಇತರರ ರೂಪ, ದೇಹ, ಕುಂದುಕೊರತೆಗಳ ಬಗ್ಗೆ ಮಾತಾಡಬಾರದು, ಕೇಳಿದರೆ ಚೆನ್ನಾಗಿದೆ ಎನ್ನಬೇಕು ಎಂಬ ತಮ್ಮ ಅಪ್ಪಣೆಯನ್ನು, ಹೇಳಿದ್ದನ್ನು ಹೇಳಿದಂತೆಯೇ ನಂಬುವ ಆ ಹುಡುಗಿ ಶಿರಸಾವಹಿಸಿದಳು. ಈಗ ನಮ್ಮ ಅಂಗಡಿಯಲ್ಲಿ ಎಲ್ಲರೂ ಸುಂದರರು. ಫ್ರೇಮನ್ನು ತಲೆಕೆಳಗಾಗಿ ಹಾಕಿಕೊಂಡ ಅಜ್ಜನೂ ಚೆನ್ನಾಗಿದ್ದಾರೆ. ಇಷ್ಟೊಂದು ಸೌಂದರ್ಯ ತಾಳಲಾರದೆ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಿದ್ದಾರೆ.

ಹೋಗಲಿ, ವ್ಯಾಪಾರದ ಮಾತು ಬಿಡಿ. ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ಊರಿಗೆಲ್ಲ ಕನ್ನಡಕ ಕೊಡುವ ನನಗೇ ನನ್ನ ಎಡಗಣ್ಣು ಅಂಚಿನಿಂದ ಮಸುಕಾಗುತ್ತಿದ್ದುದು ತಿಳಿಯಲಿಲ್ಲ. ಕಣ್ಣಿನೊಳಗಿನ ಒತ್ತಡದಿಂದ ಹೋದ ದೃಷ್ಟಿ ಮರಳುವುದಿಲ್ಲ, ಇಷ್ಟು ದಿನ ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕಣ್ಣಿನ ಡಾಕ್ಟರು ಕೇಳಿದಾಗ, ಪಕ್ಕದಲ್ಲಿದ್ದ ಅವಳು ನೆಲ ನೋಡುತ್ತ ಹೇಳಿದಳು: "ನಾನು ಗಮನಿಸಿದ್ದೆ. ಅತ್ತೆ ಎಡಗಡೆ ಬಾಗಿಲಿಗೆ ಡಿಕ್ಕಿ ಹೊಡೀತಿದ್ರು. ಹೇಳ್ಬಾರದು ಅಂತ ಏಳನೇ ಅಧ್ಯಾಯದಲ್ಲಿದೆ." ಮನೆಗೆ ಬಂದವಳು ಊಟ ಬಿಟ್ಟು ಮಲಗಿದಳು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳೆಷ್ಟು ಒದ್ದಾಡಿರಬೇಕೆಂದು ನೆನೆದರೆ, ಕಣ್ಣು ಹೋದದ್ದಕ್ಕಿಂತ ಅದೇ ನನಗೆ ಹೆಚ್ಚು ಸಂಕಟವಾಗುತ್ತದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಸ್ವಲ್ಪ ದಿನ ನಮ್ಮ ಕೌಂಟರಿನಲ್ಲಿ ಖುದ್ದಾಗಿ ನಿಂತು ವ್ಯಾಪಾರ ಮಾಡಿಕೊಡಬೇಕು; ಬೀದಿಯಲ್ಲಿ ನನ್ನ ಎಡಗಡೆಯಿಂದ ಬರುವ ಸ್ಕೂಟರುಗಳನ್ನು ಚೆನ್ನಾಗಿವೆ ಎಂದು ಹೊಗಳದೆ, ಬರುತ್ತಿವೆ ಎಂದಷ್ಟೇ ತಿಳಿಸಬೇಕು. ಹಾಗೆಯೇ, ನಿಜ ಕೇಳಿದ ಕೂಡಲೇ ಮುಖ ಊದಿಸಿಕೊಳ್ಳುವ ನಮ್ಮಂಥ ಉಳಿದವರನ್ನು ತಿದ್ದಲು ಇಷ್ಟೇ ದಪ್ಪದ ಒಂದು ಉಪಕಾರಿ ಪುಸ್ತಕ ಎಲ್ಲಾದರೂ ಇದ್ದರೆ, ಅದರ ವಿಳಾಸ ಕಳುಹಿಸಬೇಕಾಗಿ ಪ್ರಾರ್ಥನೆ.

ಬಲಗಣ್ಣಿನ ಮಟ್ಟಿಗೆ
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವಳು

ತಾಜಾ ಕಲಂ: ಈ ಪತ್ರವನ್ನು ಅವಳಿಗೆ ಓದಲು ಕೊಟ್ಟೆ. ಚೆನ್ನಾಗಿದೆ ಎಂದಳು. ನಾನು ಸುಮ್ಮನೆ ಕಾದೆ. ಅವಳು ಪುಸ್ತಕ ತೆಗೆದು ತಮ್ಮನ್ನು ಒಮ್ಮೆ ತಿರುವಿ ನೋಡಿ, ಮುಚ್ಚಿಟ್ಟು, "ಉದ್ದ ಆಯ್ತು ಅತ್ತೆ. ಸಾಲುಗಳೆಲ್ಲ ಓರೆ ಆಗಿವೆ. ಇವತ್ತು ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡಿಲ್ಲ ನೀವು" ಎಂದಳು. ತಮ್ಮ ಅಗಲಿಕೆಗೆ ನನ್ನ ಹೃತ್ಪೂರ್ವಕ ಸಂತಾಪಗಳು.