ಮಾವನವರ ಸ್ಪ್ಯಾನಿಶ್ಶೂ ನನ್ನ ಮಾನವೂ

ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ. ವಯಸ್ಸು ನಲವತ್ತಾರು, ಕಾರ್ಖಾನೆಯಲ್ಲಿ ಕೈಕೆಳಗೆ ಹನ್ನೊಂದು ಜನ, ಎದುರಿಗೆ ಬಂದವರು 'ಸಾರ್' ಎನ್ನುತ್ತಾರೆ. ಇಂಥ ನಾನು ಪರೀಕ್ಷೆಯಲ್ಲಿ ಕಾಪಿ ಹೊಡೆದೆ. ಅದೂ ಯಾರದ್ದನ್ನು? ಸ್ವಂತ ಮಾವನವರದ್ದನ್ನು.

ನಮ್ಮದು ವಾಶ್‌ಬೇಸಿನ್ ತಯಾರಿಸುವ ಕಾರ್ಖಾನೆ. ನಾನು ರವಾನೆ ವಿಭಾಗದವನು. ಈಚೆಗೆ ಸ್ಪ್ಯಾನಿಶ್ ಮಾತಾಡುವ ದೇಶಗಳಿಂದ ಬೇಡಿಕೆ ಬರತೊಡಗಿತು. ಸ್ಪ್ಯಾನಿಶ್ ಕಲಿತವರಿಗೆ ಕಿಟಕಿ ಪಕ್ಕದ ಕ್ಯಾಬಿನ್ ಎಂದರು ಮ್ಯಾನೇಜರು. ಅವರ ಮಾತು ಮುಗಿಯುವ ಮೊದಲೇ ನನ್ನ ಕೈ ಮೇಲೆದ್ದಿತ್ತು. (ಈ ಕೈಯ ಬುದ್ಧಿಯೇ ಹೀಗೆ, ತಲೆಯನ್ನು ಕೇಳುವುದಿಲ್ಲ.)

ಮನೆಗೆ ಬಂದು ಸ್ಪ್ಯಾನಿಶ್ ತರಗತಿಗೆ ಸೇರುತ್ತೇನೆಂದು ಘನಗಂಭೀರವಾಗಿ ಘೋಷಣೆ ಮಾಡಿದೆ. ಶಾಲಾ ಸಮವಸ್ತ್ರ ಹೊಲಿಯುತ್ತಿದ್ದ ಹೆಂಡತಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು.

"ಸ್ಪ್ಯಾನಿಶ್ಶಾ? ಇರೋ ಭಾಷೇಲೇ ನನ್ನ ಹತ್ರ ದಿನಕ್ಕೆ ನಾಲ್ಕು ಮಾತಾಡಲ್ಲ ನೀವು."

"ಅದು ಆಫೀಸಿಗೆ ಕಣೇ."

ನಮ್ಮ ಜೊತೆಯಲ್ಲೇ ಇರುವ ಮಾವನವರು ಪೇಪರನ್ನು ಮೂಗಿನಿಂದ ಕೆಳಗಿಳಿಸಿದರು. "ಅಳಿಯಂದ್ರೇ, ನಾನೂ ಬರ್ಲಾ?"

ಅವರಿಗೆ ಎಪ್ಪತ್ತೊಂದು. ನಲವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವರು, ಒಂದೂ ದೂರು ಬರದೆ ನಿವೃತ್ತರಾದವರು. "ಹಸಿರು ಗೇಟಿನ ಮನೆ ಅಜ್ಜಿಗೆ ತಿಂಗಳಿಗೊಂದು ಸ್ಪ್ಯಾನಿಶ್ ಕಾರ್ಡು ಬರ್ತಿತ್ತು. ಗೇಟಲ್ಲೇ ನಿಂತು ಓದಿ ಬಿದ್ದು ಬಿದ್ದು ನಗೋರು. ಅಷ್ಟು ನಗೋ ಅಂಥದ್ದು ಆ ಭಾಷೇಲಿ ಏನಿದೆ ಅಂತ ನನಗೆ ತಿಳ್ಕೋಬೇಕು" ಎಂದರು. ಪಾಪ, ಮುದುಕರು, ಹೊತ್ತು ಹೋಗಲಿ ಎಂದು ಉದಾರ ಮನಸ್ಸಿನಿಂದ ಕರೆದುಕೊಂಡು ಹೋದೆ. ಯಾರಿಗೆ ಯಾರು ಪಾಪ ಎಂಬುದು ಆಮೇಲೆ ಗೊತ್ತಾಯಿತು.

ತರಗತಿಯಲ್ಲಿ ಶುರುವಾದದ್ದೇ ಕ್ರಿಯಾಪದ. ವರ್ತಮಾನ ಕಾಲ. ಕ್ರಿಯಾಪದದ ಬಾಲ ಕತ್ತರಿಸಬೇಕು, ಮಾಡುವವರು ಯಾರೆಂದು ನೋಡಿ ಹೊಸ ಬಾಲ ಅಂಟಿಸಬೇಕು. ಆಬ್ಲೊ ಎಂದರೆ ನಾನು ಮಾತಾಡುತ್ತೇನೆ, ಆಬ್ಲಾಸ್ ಎಂದರೆ ನೀನು ಮಾತಾಡುತ್ತೀಯ, ಆಬ್ಲಾ ಎಂದರೆ ಅವನೋ ಅವಳೋ ಮಾತಾಡುವುದು. ಹೀಗೆ ಆರು ಬಾಲ. ಕ್ರಿಯಾಪದಗಳಲ್ಲಿ ಮೂರು ಜಾತಿ, ಒಟ್ಟು ಹದಿನೆಂಟು. ಇವೆಲ್ಲ ನಿಯಮ ಪಾಲಿಸುವ ಸಾಧುಗಳಂತೆ! ಪುಂಡ ಕ್ರಿಯಾಪದಗಳು ಮುಂದಿನ ಪುಸ್ತಕದಲ್ಲಿವೆ ಎಂದರು ಟೀಚರು. ಟೀಚರಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ನೋಟ ಮಾತ್ರ ಹೆಡ್ ಮಾಸ್ತರದು.

"ಒಂದು ಕೆಲಸಕ್ಕೆ ಆರು ಬಾಲ, ಇದೆಂಥ ಅನ್ಯಾಯ!" ಎಂದು ಮನೆಯಲ್ಲಿ ಗೊಣಗಿದೆ.

"ನಮ್ಮಲ್ಲೂ ಹಂಗೇ ಅಲ್ವಾ?" ಎಂದಳು ಹೆಂಡತಿ. "ಮಾಡ್ತೀನಿ, ಮಾಡ್ತೀಯ, ಮಾಡ್ತಾಳೆ. ಈ ಮನೇಲಿ ಮೊದಲ್ನೇದು ಬರೀ ಬಾಯಲ್ಲಿ, ಮೂರನೇದು ದಿನಾ ನಡೆಯುತ್ತೆ."

ಮಾವನವರು ಕಲಿತ ರೀತಿಯೇ ಬೇರೆ. ಮಹಡಿ ಮೆಟ್ಟಿಲು ಹತ್ತುತ್ತಾ ಕಲಿತರು. ಒಂದು ಕ್ರಿಯಾಪದವೆಂದರೆ ಒಂದು ಬೀದಿ, ಆರು ಮೆಟ್ಟಿಲು ಆರು ಮನೆ. ಮೊದಲನೇ ಮನೆಗೆ 'ಓ', ಎರಡನೇ ಮನೆಗೆ 'ಆಸ್', ಮೂರನೇ ಮನೆಗೆ 'ಆ', ಹೀಗೆ ಮೆಟ್ಟಿಲಿಗೊಂದು ಬಾಲ ಹಂಚುತ್ತಾ ಹೋಗುವುದು. "ಕಾಲಿಗೆ ಬಂದ್ರೆ ತಲೆಗೆ ಬಂದ ಹಾಗೇ ಅಳಿಯಂದ್ರೇ, ನೀವೂ ಬನ್ನಿ" ಎಂದು ಕರೆದರು. ನಾನು ನಕ್ಕುಬಿಟ್ಟೆ. ನನ್ನದು ನಾಳೆಯಿಂದ ಓದುವ ಪದ್ಧತಿ.

ಪರೀಕ್ಷೆ ಬಂತು. ಮೂವತ್ತಾರು ಖಾಲಿ ಜಾಗ, ತುಂಬಬೇಕು. ನನ್ನ ತಲೆ ಮೂವತ್ತೇಳನೆಯದು. ಪಕ್ಕದಲ್ಲಿ ಮಾವನವರು, ದೊಡ್ಡ ದೊಡ್ಡ ಅಕ್ಷರ. ಕಣ್ಣು ಮೆಲ್ಲಗೆ ಆ ಕಡೆ ಜಾರಿತು. ಒಂದನ್ನು ನೋಡೋಣ ಎಂದುಕೊಂಡವನು ಮೂವತ್ತಾರನ್ನೂ ನೋಡಿದೆ. ರವಾನೆ ವಿಭಾಗದ ಶಿಸ್ತು ನೋಡಿ, ಚಾಚೂ ತಪ್ಪದೆ ಎಲ್ಲವನ್ನೂ ಇಳಿಸಿಕೊಂಡೆ.

ಮುಂದಿನ ತರಗತಿಯಲ್ಲಿ ಟೀಚರು ಎರಡು ಕಾಗದ ಎತ್ತಿ ಹಿಡಿದರು. "ಎರಡ್ರಲ್ಲೂ ಅವೇ ಎರಡು ತಪ್ಪು. ಪ್ರತಿ ಉತ್ತರದ ಪಕ್ಕ ಒಂದು ಸುತ್ತು, ಸುತ್ತಿನೊಳಗೆ 'ಬ'. ಏನಿದು?"

ಆಗ ಸುಮ್ಮನಿದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. "ಬರೆದಾಯ್ತು ಅಂತ ಮೇಡಂ, ನನ್ನ ಹಳೇ ಅಭ್ಯಾಸ" ಎಂದುಬಿಟ್ಟೆ.

ಟೀಚರು ಮಾವನವರತ್ತ ತಿರುಗಿದರು. ಮಾವನವರು ಒಮ್ಮೆ ನನ್ನ ಮುಖ ನೋಡಿ ಎದ್ದು ನಿಂತರು. "ನನ್ನ ಹೆಸರು ತೆಗೆದುಬಿಡಿ ಮೇಡಂ. ಅಳಿಯಂದ್ರಿಗೆ ಆಫೀಸಿಗೆ ಬೇಕು. ನನ್ನದೇನು, ಹೊತ್ತು ಕಳೆಯೋಕೆ." ನೋಡಿ ಬರೆದವರಿಗೆ ಮುಂದಿನ ಪಾಠವಿಲ್ಲ ಎಂಬುದು ಅಲ್ಲಿಯ ನಿಯಮ. ನಲವತ್ತು ವರ್ಷ ಒಂದೂ ದೂರಿಲ್ಲದ ಮನುಷ್ಯ ಹದಿನೆಂಟು ಜನರೆದುರು ಕಳ್ಳನೆನಿಸಿಕೊಂಡು ಹೊರಟರು. ನಾನು? ಗೋಂದು ಹಾಕಿದ ಹಾಗೆ ಕೂತೇ ಇದ್ದೆ.

ಮನೆಯಲ್ಲಿ "ಮಂಡಿ ನೋವಮ್ಮ, ಇನ್ನು ಹೋಗಲ್ಲ" ಎಂದರು ಮಗಳಿಗೆ. ಭಾನುವಾರ ಬಟ್ಟೆ ಒಗೆಯುವ ಮುಂಚೆ ಅವಳು ನನ್ನ ಪ್ಯಾಂಟಿನ ಜೇಬು ತಡಕಿದಳು. ಉತ್ತರಪತ್ರಿಕೆ ಸಿಕ್ಕಿತು.

"ರೀ, ಈ 'ಬ' ಏನು?"

"ಬರೆದಾಯ್ತು ಅಂತ." ಎರಡನೇ ಸಲದ ಸುಳ್ಳು ಎಣ್ಣೆ ಹಾಕಿದ ಹಾಗೆ ಬಂತು.

"ಹೌದಾ" ಎಂದು ಪ್ಯಾಂಟನ್ನು ಬಕೆಟ್ಟಿಗೆ ಅದ್ದಿದಳು.

ಸಂಜೆ ನೀರು ಕುಡಿಯಲು ಅಡುಗೆಮನೆಗೆ ಹೋದವನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹಾಲು ಬಂದ ದಿನ ಸುತ್ತಿನೊಳಗೆ 'ಬ'. ಗ್ಯಾಸ್ ಬಂದ ದಿನ 'ಬ'. 'ಬ' ಅಂದರೆ ಬಟವಾಡೆ, ತಲುಪಬೇಕಾದದ್ದು ತಲುಪಿತು ಎಂಬ ಪೋಸ್ಟ್‌ಮ್ಯಾನ್ ಗುರುತು. ಹದಿನೇಳು ವರ್ಷ ಅಳಿಯನಾಗಿದ್ದೇನೆ, ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ನನ್ನ ಹೆಂಡತಿಯಾದರೋ ಆ 'ಬ' ನೋಡುತ್ತಲೇ ಅಕ್ಷರ ಕಲಿತವಳು!

ಮರುದಿನದಿಂದ ಅವಳು ನನ್ನನ್ನು ಬೈಯಲಿಲ್ಲ. "ಇನ್ನು ಸ್ವಲ್ಪ ಬಡಿಸ್ಲಾ?" "ಫ್ಯಾನ್ ಜೋರು ಮಾಡ್ಲಾ?" ಅಯ್ಯೋ, ಬೈಯದ ಹೆಂಡತಿಯ ಜೊತೆ ಮೂರು ದಿನ ಬಾಳಿ ನೋಡಿ, ಆಗ ನನ್ನ ಕಷ್ಟ ತಿಳಿಯುತ್ತದೆ. ಅದನ್ನಾದರೂ ತಡೆದುಕೊಂಡೇನು. ಆದರೆ ಮಾವನವರು ಮೆಟ್ಟಿಲು ಹತ್ತುವಾಗ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದರು. ಚಪ್ಪಲಿಯ ಸದ್ದೊಂದೇ ಕೇಳುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಗುರುವಾರ ತರಗತಿಗೆ ಮುಂಚೆಯೇ ಹೋಗಿ ಟೀಚರ ಮುಂದೆ ನಿಂತೆ. "ಮೇಡಂ, ಕಾಪಿ ಹೊಡೆದದ್ದು ನಾನು. ನನ್ನ ಹೆಸರು ತೆಗೀರಿ, ಅವರನ್ನ ಸೇರಿಸ್ಕೊಳ್ಳಿ."

"ಗೊತ್ತು" ಎಂದರು. "ನಿಮ್ಮ ಮನೆಯವರು ಸೋಮವಾರವೇ ಕ್ಯಾಲೆಂಡರ್ ತಂದು ತೋರಿಸಿ ಹೋದ್ರು."

"ಮತ್ತೆ ಸುಮ್ಮನಿದ್ರಿ?"

"ಹಿಂದೆಯೇ ನಿಮ್ಮ ಮಾವನವರು ಓಡಿ ಬಂದ್ರು. 'ಅಳಿಯಂದ್ರು ಒಳ್ಳೆಯವ್ರು, ತಾವೇ ಬಂದು ಹೇಳ್ತಾರೆ, ಗುರುವಾರದ ತನಕ ತಡೀರಿ' ಅಂದ್ರು. ನಿಮ್ಮ ಮನೆಯವರು 'ಬಂದ ಹಾಗೇ' ಅಂದ್ರು."

ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಅದು ಬಿಡಲಿಲ್ಲ, ಸಿಮೆಂಟು ನೆಲ. ಅಷ್ಟರಲ್ಲಿ ಹುಡುಗರೆಲ್ಲ ಬಂದು ಕೂತರು. ಮಾವನವರೂ ಬಂದು ಮೊದಲ ಬೆಂಚಿನಲ್ಲಿ ಕೂತರು. ಅವರನ್ನು ಕರೆತಂದ ನನ್ನ ಹೆಂಡತಿ ಬಾಗಿಲಲ್ಲೇ ಕೈಕಟ್ಟಿ ನಿಂತಳು. ಟೀಚರು ಎಲ್ಲರೆದುರು ಮಾವನವರಲ್ಲಿ ಕ್ಷಮೆ ಕೇಳಿದರು. ಆಮೇಲೆ ನನ್ನತ್ತ ತಿರುಗಿದರು.

"ತಾವಾಗಿ ಬಂದಿದ್ದೀರಿ, ಒಂದು ಅವಕಾಶ ಕೊಡ್ತೀನಿ. ಕೋಪ್ಯಾರ್. ಕಾಪಿ ಮಾಡೋದು ಅಂತ. ಸಾಧು ಕ್ರಿಯಾಪದ. ಆರೂ ರೂಪ ಹೇಳಿ, ಅರ್ಥದ ಸಮೇತ. ಹೇಳಿದ್ರೆ ಇಲ್ಲೇ ಇರಿ, ಇಲ್ದಿದ್ರೆ ಮನೆಗೆ."

ಗಂಟಲು ಸರಿಮಾಡಿಕೊಂಡೆ. "ಕೋಪ್ಯೊ. ನಾನು ಕಾಪಿ ಹೊಡೆಯುತ್ತೇನೆ."

ತರಗತಿ ಗೊಳ್ಳೆಂದು ನಕ್ಕಿತು. ನನ್ನ ಕಿವಿ ಕೆಂಡವಾಯಿತು, ಮುಂದಿನದೆಲ್ಲ ಮಾಯವಾಯಿತು. ಕ್ಯಾಬಿನ್ ಹಾಳಾಗಲಿ, ಇವತ್ತೊಂದು ದಿನ ಇವರ ಮುಂದೆ ಮನುಷ್ಯನಾಗಿ ನಿಲ್ಲಬೇಕು ಎಂದು ಒಳಗೊಳಗೇ ಒದ್ದಾಡಿದೆ.

ಮೊದಲ ಬೆಂಚಿನಿಂದ ಮೆಲುದನಿ ಬಂತು. "ಕೋಪ್ಯಾಸ್, ಅಳಿಯಂದ್ರೇ, ಕೋಪ್ಯಾಸ್."

"ಕೋಪ್ಯಾಸ್!" ಎಂದೆ. ಪಿಸುದನಿ "ಕೋಪ್ಯಾ" ಎಂದಿತು, ನಾನೂ "ಕೋಪ್ಯಾ!" ಎಂದೆ. ಆರೂ ರೂಪ ಮುಗಿದವು. ಎದೆಯುಬ್ಬಿಸಿ ಬಾಗಿಲ ಕಡೆ ನೋಡಿದೆ.

"ರೀ," ಎಂದಳು ಹೆಂಡತಿ, ಇಡೀ ತರಗತಿಗೆ ಕೇಳುವಂತೆ, "ಅದನ್ನೂ ಅಪ್ಪನಿಂದಲೇ ಕಾಪಿ ಹೊಡೆದ್ರಲ್ರೀ!"